ಮೇಜಿಗೊಂದು ಪ್ಲೇಟು ಮಿರ್ಚಿ

ಸಂತೆಯ ದಿನ ಗಾದೆಮ್ಮನ ಮಂಡಕ್ಕಿ ಅಂಗಡಿಯಲ್ಲಿ ಮೇಜಿಗೊಂದೇ ಪ್ಲೇಟು ಮಿರ್ಚಿ. ಎದುರುಬದುರು ಕೂತವರು ಬೀಗರೋ ವೈರಿಗಳೋ, ಗಾದೆಮ್ಮ ಕೇಳುವುದಿಲ್ಲ. ಹೀಗಾಗಿ ಕಾನಹೊಸಹಳ್ಳಿ ಬಸ್ ನಿಲ್ದಾಣದ ಆಟೊ ಸಂಘದ ಮೈಲಪ್ಪ, ಹೈವೇ ಆಟೊ ಸಂಘದ ಜೋಗಪ್ಪನ ಜೊತೆ ಒಂದೇ ಪ್ಲೇಟಿಗೆ ಕೈ ಹಾಕಿದ. ಇವನ ಹೆಗಲ ಮೇಲೆ ಕೆಂಪು ಟವೆಲ್, ಅವನದು ಹಳದಿ. ಪ್ರಯಾಣಿಕರಿಗಾಗಿ ದಿನವೂ ಕಚ್ಚಾಡುವ ಆ ಎರಡು ಸಂಘಗಳ ಬಣ್ಣ ಊರಿಗೆಲ್ಲ ಗೊತ್ತು.

ಮಿರ್ಚಿ ಗಂಟಲಿಗೆ ಇಳಿಯುವ ಮೊದಲೇ ಇಬ್ಬರ ಫೋಟೋ ಸಂಘದ ವಾಟ್ಸಾಪಿಗೆ ಇಳಿದಿತ್ತು. ತೆಗೆದು ಕಳಿಸಿದವರು ಮೈಲಪ್ಪನ ಸಂಘದ ಅಧ್ಯಕ್ಷ ಮಾರೇಶ್.

ಮೈಲಪ್ಪ ನಿಲ್ದಾಣಕ್ಕೆ ಬಂದಾಗ ಸರದಿ ಸಾಲಿನ ಅವನ ಜಾಗದಲ್ಲಿ ಬೇರೊಂದು ಆಟೊ. ಬೇವಿನ ಮರದ ಕೆಳಗೆ ಸಭೆ. ತೀರ್ಪು ಆಗಲೇ ಬರೆದಾಗಿತ್ತು.

“ಲೇ ಮೈಲ್ಯಾ, ನಿನ್ನ ಸಂಘದಿಂದ ತಗದೇವಿ, ನಡಿ,” ಎಂದ ಕಾರ್ಯದರ್ಶಿ ಬೊಮ್ಮಪ್ಪ.

ಸರದಿ ಹೋದರೆ ಬಾಡಿಗೆ ಇಲ್ಲ. ಬಾಡಿಗೆ ಇಲ್ಲದೆ ಹೆಂಡತಿ ಭರಮಮ್ಮನ ಎದುರು ನಿಲ್ಲುವುದು ಹೇಗೆ?

“ಯಾಕ ಕುಂತಿದ್ದಿ ಅಂತ ಒಂದ್ ಮಾತು ಕೇಳಬಾರದೇನ್ರಿ?”

“ಕೇಳಾದೇನೈತಿ? ಫೋಟೋ ಐತಲ್ಲ!” ಎಂದು ಗುಡುಗಿದರು ಮಾರೇಶ್.

“ಮಿರ್ಚಿ ತಿನ್ನಾದು ತಪ್ಪೇನ್ರಿ?”

“ಮಿರ್ಚಿ ತಪ್ಪಲ್ಲ, ಪ್ಲೇಟು ತಪ್ಪು,” ಎಂದರು ಮಾರೇಶ್ ಗಂಭೀರವಾಗಿ.

ಮೈಲಪ್ಪ ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ, ಹೇನು ಹುಡುಕುವ ಅಜ್ಜಿಯಂತೆ ಮೂಲೆಮೂಲೆ ಜಾಲಾಡಿದ. ಕೆಳಗಿನ ಮೂಲೆಯಲ್ಲಿ ಫೋಟೋ ತೆಗೆದವರ ಮೇಜು. ಅದರ ಮೇಲೂ ಒಂದೇ ಪ್ಲೇಟು. ಪ್ಲೇಟಿನಾಚೆ ಯಾರದೋ ಅರ್ಧ ಭುಜ, ಭುಜದ ಮೇಲೆ ಹಳದಿ ಟವೆಲ್.

“ಅಧ್ಯಕ್ಷ್ರೇ, ಇದು ನಿಮ್ಮ ಪ್ಲೇಟಲ್ಲೇನ್ರಿ?”

ಫೋನು ಕೈಯಿಂದ ಕೈಗೆ ಹೋಯಿತು. ಸಭೆ ಒಗ್ಗರಣೆಯ ಸಾಸಿವೆಯಂತೆ ಸಿಡಿಯಿತು.

“ಇವರನ್ನ ಹೊರಗ ಹಾಕ್ರಿ! ಮೈಲಪ್ಪಂದೇನು ತಪ್ಪಿಲ್ಲ ಬಿಡ್ರಿ!”

“ಅಲ್ರಪಾ, ಅದೇನಾತಂದ್ರ...” ಮಾರೇಶ್ ಬಾಯಿ ತೆರೆದರು.

“ಕೇಳಾದೇನೈತಿ!”

ಬೊಮ್ಮಪ್ಪ ಕಾಗದದಲ್ಲಿ ಮೈಲಪ್ಪನ ಹೆಸರು ಹೊಡೆದು ಮಾರೇಶರ ಹೆಸರು ಬರೆದ. ಸರದಿಯಲ್ಲಿ ಅವನ ಜಾಗವೂ ತೆರವಾಯಿತು. ಮೈಲಪ್ಪ ಸುಮ್ಮನೆ ಆಟೊ ಹತ್ತಬಹುದಿತ್ತು. ಆದರೆ ತೆರೆದ ಬಾಯಿ ಮುಚ್ಚದೆ ನಿಂತ ಮಾರೇಶರನ್ನು ಕಂಡು, ಆಟೊ ಕಡೆ ಹೋಗದೆ ಕೈ ಎತ್ತಿದ.

“ತಡೀರಿ, ಅವರ ಮಾತೂ ಕೇಳಾಣ. ಜಾಗ ಇಲ್ಲದ್ದಕ್ಕ ಕುಂತಿರಬೇಕು, ನನ್ನಂಗ.”

ಬೊಮ್ಮಪ್ಪ ಪೆನ್ನಿನ ಮುಚ್ಚಳ ಮತ್ತೆ ತೆಗೆದ.

“ನೋಡಿದ್ರೇನು? ದ್ರೋಹಿ ಪರ ಮಾತಾಡಾಕತ್ತಾನ. ಇಬ್ರೂ ಕೂಡೇ ಮಾಡ್ಯಾರ!” ಎನ್ನುತ್ತ, ಹೊಡೆದ ಹೆಸರನ್ನೇ ಮಾರೇಶರ ಹೆಸರಿನ ಕೆಳಗೆ ಇನ್ನೊಮ್ಮೆ ಬರೆದ.

“ಅಲ್ರೀ, ನಾ ಹೇಳಿದ್ದು...” ಎಂದ ಮೈಲಪ್ಪ.

“ಕೇಳಾದೇನೈತಿ!” ಎಂಬ ಗುಡುಗು ಪಕ್ಕದಿಂದಲೇ ಬಂತು. ಅಭ್ಯಾಸಬಲ, ಗುಡುಗಿದವರು ಮಾರೇಶ್.