ಶಾಗ್ಯಕ್ಕೆ ಬಂದ ಷಿಕಾಗೊ ಬಸ್ಸು

ಆವತ್ತಿನ ರಾದ್ಧಾಂತಕ್ಕೆಲ್ಲ ಕಾರಣ ಇಷ್ಟೇ: ಶಾಂತರಾಜು ಟವೆಲ್ಲನ್ನು ಮನೆಯಲ್ಲೇ ಮರೆತು ಬಂದಿದ್ದ.

ಟವೆಲ್ಲಿಲ್ಲದೆ ಹನೂರು ಬಸ್ ಸ್ಟ್ಯಾಂಡಿನಲ್ಲಿ ಸೀಟು ಸಿಗುವುದುಂಟೆ? ಬಾಗಿಲಲ್ಲಿ ಯಾರು ಬೇಕಾದರೂ ಮೊದಲು ನುಗ್ಗಲಿ, ಕಿಟಕಿಯಿಂದ ಟವೆಲ್ಲು ಎಸೆದವನದೇ ಸೀಟು. ಅದನ್ನು ಸರಿಸಿ ಕೂತವನಿಗೆ ಕೊಳ್ಳೇಗಾಲದವರೆಗೂ ಮಂಗಳಾರತಿ ತಪ್ಪದು.

ಶಾಂತರಾಜು ಶಾಗ್ಯದವನು, ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಚರಿತ್ರೆಯ ಮೇಷ್ಟ್ರು. ಬೆಳಗಿನ ಹೊತ್ತು ಶಾಗ್ಯದಿಂದ ನೇರ ಬಸ್ಸಿಲ್ಲ. ಆಟೋದಲ್ಲಿ ಕುಲುಕಾಡಿಕೊಂಡು ಹನೂರಿಗೆ ಬಂದು ಬಸ್ಸು ಹಿಡಿಯುವಷ್ಟರಲ್ಲಿ ದಿನಾ ಲೇಟು. "ಬಸ್ಸಿಲ್ಲ ಅಂತೀರಲ್ಲ ಅಂತ ಇದುವರೆಗೆ ಸುಮ್ನಿದ್ದೀನಿ ಶಾಂತರಾಜು. ಇನ್ನು ಮ್ಯಾನೇಜ್‌ಮೆಂಟ್‌ನೋರು ಕೇಳಲ್ಲ, ಕೆಲಸಕ್ಕೇ ಕುತ್ತು ಬತ್ತದೆ" ಎಂದು ಪ್ರಿನ್ಸಿಪಾಲ್ ಗುರುಮಲ್ಲಪ್ಪ ಎಚ್ಚರಿಸಿದ್ದರು. ಉಪಾಯವನ್ನೂ ಅವರೇ ಹೇಳಿಕೊಟ್ಟಿದ್ದರು. ಇವತ್ತು ಕೊಳ್ಳೇಗಾಲದಲ್ಲಿ ಪ್ರಯಾಣಿಕರ ಸಭೆ. ಅಲ್ಲಿಗೆ ಬರುವ ಬಸ್ ಡಿಪೋದ ಸಾಹೇಬರು ಮೊನ್ನೆ ತಾನೇ ಷಿಕಾಗೊ ನೋಡಿಬಂದವರು. ಆ ಊರಿನ ಬಸ್ಸಿನ ಚರಿತ್ರೆಯನ್ನು ಚೆನ್ನಾಗಿ ಹೊಗಳಿ, ಕೊನೆಯಲ್ಲಿ ಮೆಲ್ಲಗೆ ಶಾಗ್ಯಕ್ಕೊಂದು ಬಸ್ಸು ಕೇಳಿಬಿಡುವುದು!

ಬಸ್ಸು ಬಂತು, ಜನ ಮುಗಿಬಿತ್ತು. ಶಾಂತರಾಜು ಹಿಂದೆಮುಂದೆ ನೋಡದೆ, ಭಾಷಣಕ್ಕೆಂದು ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದ ಬಿಳಿ ಶರ್ಟಿನ ಚೀಲವನ್ನೇ ಕಿಟಕಿಯೊಳಗೆ ಬೀಸಿ ಎಸೆದ. ಒಳಗೆ 'ದುಬುಕ್' ಎಂದಿತು.

"ಅಯ್ಯೋ ನಿನ್ ಕೈ ಸೇದೋಗ! ಯಾವನ್ಲಾ ಅವ್ನು, ನನ್ ಮೊಸರ್ಗೆ ಚೀಲ ಎಸ್ದೋನು?"

ಹತ್ತಿ ನೋಡಿದರೆ ಶಾಗ್ಯದ ಚಿಕ್ಕನಿಂಗಮ್ಮ. ಮಧುವನಹಳ್ಳಿಯ ಬೀಗರ ಮನೆಗೆಂದು ಒಯ್ಯುತ್ತಿದ್ದ ಮೊಸರಿನ ತಪ್ಪಲೆಯಲ್ಲಿ ಮೇಷ್ಟರ ಚೀಲ ಎಮ್ಮೆಯ ಹಾಗೆ ಮುಳುಗಿ ಕೂತಿತ್ತು.

"ತಪ್ಪಾಯ್ತು ಕಣವ್ವ, ಬೈಬ್ಯಾಡ. ನಮ್ಮೂರ್ಗೆ ಬಸ್ ಕೇಳಕೇ ಓಯ್ತಾ ಇವ್ನಿ" ಎಂದು ಶಾಂತರಾಜು ಕೈಮುಗಿದ. ಅವಳನ್ನು ತಣ್ಣಗಾಗಿಸಲು ಅಲ್ಲೇ ಷಿಕಾಗೊ ಚರಿತ್ರೆಯನ್ನೂ ಶುರುಮಾಡಿದ. ಮೊದಲು ಕುದುರೆ ಎಳೆಯುವ ಗಾಡಿ, ಆಮೇಲೆ ಹಳಿಯ ಮೇಲೆ ಕುದುರೆ ಟ್ರಾಮು, ಆಮೇಲೆ ನೆಲದಡಿ ಓಡುವ ಉಕ್ಕಿನ ಹಗ್ಗವನ್ನು ಕಚ್ಚಿಕೊಂಡು ಹೋಗುವ ಗಾಡಿ, ಆಮೇಲೆ ಕರೆಂಟಿನ ಟ್ರಾಮು...

"ಅಲ್ಲಾ ಮೇಷ್ಟ್ರೇ, ಅಷ್ಟೊಂದ್ ಕುದ್ರೆ ಲದ್ದಿ ಯಾರ್ ಒಲಕ್ ಓಯ್ತಿತ್ತು?" ಎಂದಳು ಚಿಕ್ಕನಿಂಗಮ್ಮ. ಚರಿತ್ರೆಯ ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲ.

ಮಾತು ತೇಲಿಸಲು, "ಈಗ ಬಸ್ಸು ನೋಡು, ಬೀದಿ ಬೀದಿ ಮೂಲೇಲೂ ನಿಲ್ತದೆ!" ಎಂದ. ಅಷ್ಟೇ ಸಾಕಾಯಿತು.

"ಅಂಗಾರೆ ನಮ್ಮಟ್ಟಿ ಮುಂದ್ಕೂ ಒಂದ್ ಸ್ಟಾಪ್ ಕೇಳು. ಮೊಸ್ರಿನ್ ಲೆಕ್ಕ ಚುಕ್ತಾ."

"ಆಗ್ಲಿ ಕಣವ್ವ!"

ಹಿಂದಿನ ಸೀಟಿನಿಂದ ಶಾಗ್ಯದವನೇ ಆದ ದೊಡ್ಡಮಾದಯ್ಯ ತಲೆ ತೂರಿಸಿದ. "ಲೇ ಶಾಂತ, ನನ್ ತ್ವಾಟದ್ ಗೇಟ್ ಏನ್ ಪಾಪ ಮಾಡಿತ್ಲಾ?" ಕಾಮಗೆರೆಯಲ್ಲಿ ಹತ್ತಿದವರು ಆಸ್ಪತ್ರೆಯ ಮುಂದೊಂದು, ಹಾಲಿನ ಡೈರಿಯ ಮುಂದೊಂದು ಎಂದರು. ಇಡೀ ಬಸ್ಸೇ ತನ್ನ ಮಾತಿಗೆ ಕಿವಿಗೊಟ್ಟಿರುವುದನ್ನು ಕಂಡು ಶಾಂತರಾಜುವಿಗೆ ರೆಕ್ಕೆ ಮೂಡಿದಂತಾಗಿತ್ತು. ಕೇಳಿದವರಿಗೆಲ್ಲ ಸ್ಟಾಪು ದಾನ ಮಾಡುತ್ತ ಹೋದ. ಮೇಷ್ಟ್ರು ಮಾತಿಗೆ ತಪ್ಪದಿರಲಿ ಎಂದು ಅರ್ಧ ಬಸ್ಸು ಅವನ ಹಿಂದೆಯೇ ಇಳಿದು ಸಭೆಗೂ ಬಂತು. ಬೀಗರ ಮನೆಯನ್ನು ಮರೆತ ಚಿಕ್ಕನಿಂಗಮ್ಮ ಮುಂದಿನ ಸಾಲಿನಲ್ಲೇ ಕೂತಳು.

ಶಾಂತರಾಜು ಹಿಂಡಿದ ಶರ್ಟನ್ನೇ ತೊಟ್ಟು ವೇದಿಕೆ ಹತ್ತಿದ. ಬಿಳಿಗೆ ಬಿಳಿ, ಮೊಸರು ಕಾಣಲಿಲ್ಲ. ಪಕ್ಕದಲ್ಲಿದ್ದ ಸಾಹೇಬರು ಮಾತ್ರ ಕುರ್ಚಿಯನ್ನು ತುಸು ಸರಿಸಿಕೊಂಡರು. ನೊಣಗಳು ಬಂದವು. ಆದರೂ ಎಂಥ ಭಾಷಣ ಅಂತೀರಿ! ಕುದುರೆ ಓಡಿತು, ಹಗ್ಗ ಓಡಿತು, ಟ್ರಾಮು ಗಂಟೆ ಬಾರಿಸಿತು. "ಷಿಕಾಗೊದಲ್ಲಿ ಬಸ್ಸು ಪ್ರತಿ ಮೂಲೆಯಲ್ಲೂ ನಿಲ್ಲುತ್ತದೆ! ನಮ್ಮ ಶಾಗ್ಯದವರು ಯಾರಿಗೆ ಕಡಿಮೆ?" ಎಂದು ಅವನು ಮೇಜು ಗುದ್ದಿದಾಗ ಸಭೆಯೇ ಶಿಳ್ಳೆ ಹೊಡೆಯಿತು.

ಸಾಹೇಬರು ಎದ್ದೇ ನಿಂತರು. "ಅಬ್ಬಬ್ಬಾ! ಅದನ್ನ ನಾನೇ ಕಣ್ಣಾರೆ ನೋಡಿದೀನಿ! ಇಲ್ಲೂ ಯಾಕಾಗಬಾರದು? ನಾಳೆ ಬೆಳಗ್ಗೆಯಿಂದಲೇ ಶಾಗ್ಯದ ಬಸ್ಸು ಶುರು. ಎಲ್ಲೆಲ್ಲಿ ಸ್ಟಾಪು ಬೇಕು, ಕೂಗಿ ಹೇಳಿ!"

ಶಾಂತರಾಜುವಿನ ಕಣ್ಣಲ್ಲಿ ನೀರೇ ಬಂತು. ಗೆದ್ದೆ! ಕೆಲಸ ಉಳಿಯಿತು! ಕೆಳಗೆ ಜನ ಸಂತೆಯಲ್ಲಿ ಕೂಗುವಂತೆ ಕೂಗತೊಡಗಿದರು. ಹಟ್ಟಿ, ತೋಟ, ಡೈರಿ, ಆಸ್ಪತ್ರೆ, ಅರಳಿಕಟ್ಟೆ, ಯಾರದೋ ಸೋದರತ್ತೆಯ ಮನೆ. ಸಾಹೇಬರು ಒಂದಕ್ಕೂ ಇಲ್ಲವೆನ್ನಲಿಲ್ಲ. ಎಲ್ಲ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಮೂರ್ತಿ ಬೆರಳು ಮಡಚಿ ಲೆಕ್ಕ ಹಾಕಿದ.

"ಇಷ್ಟು ಕಡೆ ನಿಲ್ಸಿದ್ರೆ ಕೊಳ್ಳೇಗಾಲ ಸೇರೋದು ಹನ್ನೊಂದು ಗಂಟೆಗೆ ಸಾ."

ಕಾಲೇಜಿನ ಬೆಲ್ಲು ಹತ್ತಕ್ಕೆ. ಶಾಂತರಾಜು ಸಾಹೇಬರತ್ತ ಬಗ್ಗಿದ. "ಸಾ, ಶಾಗ್ಯ ಒಂದ್ಚೂರು ಬೇಗ ಬುಟ್ರೆ..."

"ಬೇಗ್ವಾ? ಅಸಾ ನಿಮ್ಮಪ್ಪ ಬಂದು ಹಾಲ್ ಕರ್ದಾನಾ?" ಚಿಕ್ಕನಿಂಗಮ್ಮ ಗದರಿದಳು. ಹಸು ಸಾಕಿದವರೆಲ್ಲ ಹೌದು ಹೌದು ಎಂದರು.

"ಹೋಗ್ಲಿ ಬುಡಿ, ನಾನು ಮೊದಲಿನಂಗೆ ಹನೂರಲ್ಲೇ ಬಸ್ ಹಿಡೀತೀನಿ" ಎಂದ ಶಾಂತರಾಜು.

"ಯಾವ ಬಸ್ಸು ಸಾ? ಎಕ್ಸ್‌ಟ್ರಾ ಗಾಡಿ ಎಲ್ಲೈತೆ? ನೀವು ದಿನಾ ಬರೋ ಬಸ್ಸನ್ನೇ ನಾಳೆಯಿಂದ ಶಾಗ್ಯಕ್ಕೆ ಹಾಕಿರೋದು" ಎಂದ ಮೂರ್ತಿ.

ಅಷ್ಟರಲ್ಲಿ, ಸಭೆಗೆ ಬಂದಿದ್ದ ಪ್ರಿನ್ಸಿಪಾಲ್ ಗುರುಮಲ್ಲಪ್ಪ ಹಿಗ್ಗಿನಿಂದ ಓಡಿಬಂದು ಅವನನ್ನು ಅಪ್ಪಿಕೊಂಡರು. ಮೂಗಿಗೆ ವಾಸನೆ ಬಡಿದದ್ದೇ ಬಿಟ್ಟು ಹಿಂದೆ ಸರಿದರು.

"ಭೇಷ್ ಶಾಂತರಾಜು! ಊರ ಬಾಗಿಲಿಗೇ ಬಸ್ ತಂದ್ಬುಟ್ರಿ. ಇನ್ಮೇಲೆ ಬಸ್ಸಿಲ್ಲ ಅನ್ನೋ ನೆಪ ನಡೆಯಲ್ಲ. ನಾಳೆಯಿಂದ ಫಸ್ಟ್ ಪೀರಿಯಡ್ ನಿಮ್ದೇ!"