ಕಮ್ಮಿ ಉಣ್ಣುವ ಬಲ್ಬು

ಬೆಟಗೇರಿಯ ಗೋಪಣ್ಣನಿಗೆ ಲೋಕದಲ್ಲಿ ಸಹಿಸಲಾಗದ ಸಂಗತಿ ಒಂದೇ: ಯಾವುದೇ ವಸ್ತು ತನಗೆ ಬೇಕಾದ್ದಕ್ಕಿಂತ ಹೆಚ್ಚು ತಿನ್ನುವುದು. (ಹೋಳಿಗೆಯ ಮುಂದೆ ಕೂತ ಗೋಪಣ್ಣ ಈ ಲೆಕ್ಕಕ್ಕೆ ಬರುವುದಿಲ್ಲ.) ಮನೆಯ ದೀಪಗಳನ್ನೆಲ್ಲ ಅವನು ಎಲ್‌ಇಡಿ ಮಾಡಿ ಮುಗಿಸಿದ್ದ. ನಂದಾದೀಪದ ಬತ್ತಿಯನ್ನೂ ಸಣ್ಣದು ಮಾಡಲು ಹೋಗಿ ಹೆಂಡತಿ ರತ್ನವ್ವನಿಂದ ಬೈಸಿಕೊಂಡಿದ್ದ. ಆಮೇಲೆ ಅವನ ಕಣ್ಣು ಬಿದ್ದದ್ದು ಅಂಗಳದಲ್ಲಿ ನಿಂತಿದ್ದ ಹಳೆಯ ಕಾರಿನ ಮೇಲೆ.

ಮೊಬೈಲಿನಲ್ಲಿ ಯಾರೋ ಮಹಾನುಭಾವ ಹೇಳಿದ್ದ: ಕಾರಿನ ಮಾಮೂಲು ಬಲ್ಬು ಕರೆಂಟು ತಿನ್ನುತ್ತದೆ, ಆ ಕರೆಂಟನ್ನು ಎಂಜಿನ್ನೇ ಹುಟ್ಟಿಸಬೇಕು, ಅದಕ್ಕೆ ಪೆಟ್ರೋಲು ಬೇಕು, ಎಲ್‌ಇಡಿ ಹಾಕಿದರೆ ಇಷ್ಟೂ ಉಳಿಯುತ್ತದೆ. ಗೋಪಣ್ಣ ಇದನ್ನು ಮೂರು ಸಲ ತಾನು ಕೇಳಿ, ನಾಲ್ಕನೆಯ ಸಲ ರತ್ನವ್ವನಿಗೆ ಕೇಳಿಸಿದ. ಎಷ್ಟು ಪೆಟ್ರೋಲು ಉಳಿದೀತು ಎಂದು ಅವಳು ಕೇಳಿದಳು. ಹನಿಹನಿ ಕೂಡಿದರೆ ಹಳ್ಳ ಎಂದು ಅವನು ಹೇಳಿದ.

ರತ್ನವ್ವನ ಕಣ್ಣು ಹಳ್ಳದ ಮೇಲಿರಲಿಲ್ಲ, ಕಾರಿನ ಚಾವಿಯ ಮೇಲಿತ್ತು. ಹೋದ ವರ್ಷ ಅವಳು ಡ್ರೈವಿಂಗ್ ಕಲಿತು, ಪರೀಕ್ಷೆ ಪಾಸಾಗಿ ಲೈಸನ್ಸು ತಂದಿದ್ದಳು. ಅದು ಅಂದಿನಿಂದ ತಿಜೋರಿಯಲ್ಲಿ ಮದುವೆ ಸೀರೆಯ ಕೆಳಗೆ ಮಲಗಿತ್ತು. ಗಾಡಿಯ ಒಳವಿದ್ಯೆ ತಿಳಿಯದವರು ಗಾಡಿ ಮುಟ್ಟಬಾರದು ಎಂಬುದು ಗೋಪಣ್ಣನ ಶಾಸನ. ಒಳವಿದ್ಯೆ ತಿಳಿದವರು ಆ ಮನೆಯಲ್ಲಿ ಒಬ್ಬರೇ ಇದ್ದರು ಎಂದು ಬೇರೆ ಹೇಳಬೇಕಿಲ್ಲ.

"ಆತು, ಹಾಕ್ರಿ," ಎಂದಳು ರತ್ನವ್ವ. "ರವಿವಾರ ಲಕ್ಷ್ಮೇಶ್ವರದಾಗ ನಮ್ಮ ತಂಗಿ ಲಕ್ಷ್ಮೀದೇವಿ ಮಗಳ ನಿಶ್ಚಯ ಐತಿ. ಅಲ್ಲಿ ಮುಟ್ಟೂತನಕ ನಿಮ್ಮ ಬಲ್ಬಿನಿಂದ ಒಂದು ತ್ರಾಸ ಆದ್ರೂ ಚಾವಿ ನನಗ ಕೊಡಬೇಕ ನೋಡ್ರಿ. ಒಂದ ದಿನಕ್ಕಲ್ಲ, ಕಾಯಂ."

"ಕೊಟ್ಟೆ ತಗೋ," ಎಂದ ಗೋಪಣ್ಣ, ಎಂದೂ ಕೊಡಬೇಕಾಗದವರ ಔದಾರ್ಯದಲ್ಲಿ.

ಶುಕ್ರವಾರ ಇಡೀ ದಿನ ಕೂತು ಅವನು ನಾಲ್ಕೂ ಇಂಡಿಕೇಟರಿನ ಬಲ್ಬು ಬದಲಿಸಿದ. ಸ್ವಿಚ್ಚು ಒತ್ತಿದರೆ ಮೊದಲು ಟಿಕ್ಕು, ಟಿಕ್ಕು ಎಂದು ನಿಧಾನವಾಗಿ ಅನ್ನುತ್ತಿದ್ದ ಗಾಡಿ ಈಗ ಟಿಕಟಿಕಟಿಕಟಿಕ ಎಂದು ಎರಡು ಪಟ್ಟು ಜೋರಾಗಿ ಬಡಿಯತೊಡಗಿತು. ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ಗೋಪಣ್ಣ ಮೂವತ್ತು ವರ್ಷ ಮಗ್ಗದ ಮೇಲೆ ಕೂತು ಎದ್ದವನು. ಅವನ ಓಣಿಯಲ್ಲಿ ಮಗ್ಗ ಜೋರಾಗಿ ಬಡಿಯಿತೆಂದರೆ ಸೀರೆ ಜಲ್ದಿ ಇಳಿಯಿತು ಎಂದೇ ಅರ್ಥ. ನಿಧಾನ ಬಡಿಯುವ ಮಗ್ಗವನ್ನು ಕೇಳಿಯೇ ಬಾಜೂ ಮನೆಯವರು ನೇಕಾರನಿಗೆ ಜ್ವರ ಬಂದಿದೆಯೇ ಎಂದು ವಿಚಾರಿಸುವ ಊರು ಅದು. ಆದ್ದರಿಂದ ಅವನು ಇಂಡಿಕೇಟರಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ, ಕಮ್ಮಿ ಉಂಡು ಎರಡು ಪಟ್ಟು ದುಡಿಯುವ ಇಂಥ ಆಳು ಎಲ್ಲಿ ಸಿಕ್ಕೀತು ಎಂದು ಓಣಿಗೆಲ್ಲ ಹೇಳಿ ಬಂದ. ಅದು ದಮ್ಮು ಹತ್ತಿದವರ ಹಾಗೆ ಕೇಳುತ್ತದೆ ಎಂದ ರತ್ನವ್ವನಿಗೆ ಯಂತ್ರದ ಕಿವಿ ಇಲ್ಲವೆಂದು ತೀರ್ಪಾಯಿತು.

ಶನಿವಾರ ಆ ಹುರುಪನ್ನು ಮೆರೆಸಲೆಂದೇ ಮುಳಗುಂದ ರಸ್ತೆಯಲ್ಲಿ ಗಾಡಿಗಳ ವೈರಿಂಗ್ ಅಂಗಡಿ ನಡೆಸುವ ಗುಲ್ನಾಜಳ ಮುಂದೆ ಕಾರು ನಿಲ್ಲಿಸಿ ಇಂಡಿಕೇಟರು ಹಾಕಿದ. ಗುಲ್ನಾಜ ಒಂದು ಗಳಿಗೆ ಕೇಳಿದಳು.

"ಕಾಕಾ, ಇದು ಹುರುಪಲ್ಲರಿ. ನಿಮ್ಮ ಬಲ್ಬ್ ಭಾಳ ಕಮ್ಮಿ ಕರೆಂಟ್ ತಗೋತಾವ. ಗಾಡಿ ಪಾಪ ಬಲ್ಬ್ ಸುಟ್ಟು ಹೋಗೇತಿ ಅಂತ ತಿಳಕೊಂಡು ಬಡಕೊಳ್ಳಾಕ ಹತ್ತೈತಿ."

ಗೋಪಣ್ಣನ ಕಣ್ಣ ಮುಂದೆ ಚಾವಿ ಸುಳಿಯಿತು. ಹಳೆಯ ಬಲ್ಬನ್ನೇ ಹಾಕಿಬಿಡಿ ಎಂದಳು ಗುಲ್ನಾಜ. ಅದು ಆಗದ ಮಾತು, ರತ್ನವ್ವ ಅಂದು ಬೆಳಿಗ್ಗೆಯೇ ಬಲ್ಬು ಬಗ್ಗಿ ನೋಡಿದ್ದಳು, ನಾಳೆಯೂ ನೋಡದೆ ಬಿಡುವವಳಲ್ಲ. ಇಂಡಿಕೇಟರನ್ನು ಟಿಕ್ಕು ಟಿಕ್ಕು ಅನ್ನಿಸುವ ಡಬ್ಬಿಯನ್ನೇ ಬದಲಿಸಬಹುದು, ಆದರೆ ಅದು ಹುಬ್ಬಳ್ಳಿಯಿಂದ ಮಂಗಳವಾರ ಬರಬೇಕು. ಕೊನೆಗೆ ಗುಲ್ನಾಜ ಬೆರಳುದ್ದದ ಬಂಗಾರ ಬಣ್ಣದ ತುಂಡೊಂದನ್ನು ತೆಗೆದು ತೋರಿಸಿದಳು.

"ಇದನ್ನ ಬಲ್ಬಿನ ಬಾಜೂ ಕಟ್ಟಿದ್ರ, ಹಳೇ ಬಲ್ಬ್ ತಿನ್ನುವಷ್ಟು ಕರೆಂಟ್ ಇದು ತಿಂತೈತಿ. ಗಾಡಿ ಸುಮ್ಮನಾಗತೈತಿ."

"ತಿಂದು ಏನ್ ಮಾಡತೈತಿ?"

"ಏನೂ ಇಲ್ಲರಿ. ಬಿಸಿ ಆಗತೈತಿ."

ಗೋಪಣ್ಣ ಆಚೆ ಈಚೆ ನೋಡಿ, ನಾಲ್ಕು ಕಟ್ಟು ಎಂದ. ಬಹಳ ಹೊತ್ತು ಇಂಡಿಕೇಟರು ಹಾಕಿಡಬಾರದು, ವೈರು ಕರಗುತ್ತದೆ ಎಂದು ಗುಲ್ನಾಜ ಎರಡು ಸಲ ಹೇಳಿದಳು. ಅವನು ಎರಡು ಸಲ ತಲೆಯಾಡಿಸಿದ.

ರವಿವಾರ ಬೆಳಿಗ್ಗೆ ನಿಶ್ಚಯದ ಸೀರೆ, ಕಾಯಿ, ಸಕ್ಕರೆ ತಟ್ಟೆಗಳೊಂದಿಗೆ ಹೊರಟರು. ಟಿಕಟಿಕ ನಿಧಾನವಾಗಿದ್ದನ್ನು ರತ್ನವ್ವ ಗುರುತಿಸಿದಳು. ಪಳಗಿದೆ ಎಂದ ಗೋಪಣ್ಣ. ಮಲ್ಲಸಮುದ್ರ ದಾಟುವವರೆಗೆ ಎಲ್ಲ ಸುಸೂತ್ರವಾಗಿತ್ತು. ಆದರೆ ಗೋಪಣ್ಣನಿಗೆ ಒಂದು ಪದ್ಧತಿಯಿತ್ತು. ಎಡಕ್ಕೆ ಹೋಗುವಾಗ ಎಡದ ದೀಪ, ಬಲಕ್ಕೆ ಹೋಗುವಾಗ ಬಲದ ದೀಪವಾದರೆ, ನೆಟ್ಟಗೆ ಹೋಗುವಾಗ ನಾಲ್ಕೂ ದೀಪ ಹಾಕಬೇಕೆಂದು ಅವನು ತಿಳಿದಿದ್ದ. (ನಮ್ಮ ಕಡೆ ಹೀಗೆ ತಿಳಿದವನು ಅವನೊಬ್ಬನೇ ಅಲ್ಲ.) ಲಕ್ಷ್ಮೇಶ್ವರದ ರಸ್ತೆ ಬಹುಪಾಲು ನೆಟ್ಟಗಿದೆ.

ಮುಳಗುಂದ ದಾಟುತ್ತಿದ್ದಂತೆ ಸುಟ್ಟ ವಾಸನೆ ಬಂತು. ಯಾರದೋ ಹೊಲದಲ್ಲಿ ಕಸ ಸುಡುತ್ತಿದ್ದಾರೆ ಎಂದ ಗೋಪಣ್ಣ. ಹೊಲ ನಮ್ಮ ಸಂಗಡವೇ ಬರುತ್ತಿದೆಯಲ್ಲ ಎಂದಳು ರತ್ನವ್ವ. ಅಷ್ಟರಲ್ಲಿ ಚಿಟ್ ಎಂದು ಸದ್ದಾಗಿ ನಾಲ್ಕೂ ಇಂಡಿಕೇಟರು ಒಮ್ಮೆಲೇ ಸತ್ತವು. ಇಳಿದು ನೋಡಿದರೆ ಕರಗಿದ ವೈರಿನ ನಡುವೆ ಬಂಗಾರ ಬಣ್ಣದ ತುಂಡು ಇನ್ನೂ ಹೊಗೆಯಾಡುತ್ತಿತ್ತು. ಇದೇನು ಎಂದು ರತ್ನವ್ವ ಕೇಳಿದಳು. ಗೋಪಣ್ಣ ನಿಶ್ಚಯದ ಮುಹೂರ್ತದ ನೆಪ ಹೇಳಿ ನೋಡಿದ, ಆಗಲಿಲ್ಲ. ಎಲ್ಲ ಒಪ್ಪಿಕೊಂಡ.

"ಅಂದ್ರ," ಎಂದಳು ರತ್ನವ್ವ ನಿಧಾನವಾಗಿ, "ಮನಿಗೆ ಬಂದ ಸೊಸಿ ಒಂದ ರೊಟ್ಟಿ ತಿಂತಾಳ. ಇಷ್ಟ ಕಮ್ಮಿ ಯಾಕ ತಿಂತಾಳ, ಜಡ್ಡು ಬಂದೈತೇನು ಅಂತ ಅತ್ತಿ ಬಡಕೊಂತಾಳ. ಅದಕ ನೀವು ಬಾಜೂಕ ಒಂದು ಎಮ್ಮಿ ಕಟ್ಟಿ ಉಳಿದ ರೊಟ್ಟಿ ಅದಕ ಹಾಕೀರಿ. ಇದು ಉಳಿತಾಯ?"

ಗೋಪಣ್ಣ ಚಾವಿ ಕೊಟ್ಟ.

ಕೊಟ್ಟರೂ ಒಂದು ಆಸೆ ಉಳಿದಿತ್ತು. ಇಂಡಿಕೇಟರು ಇಲ್ಲದ ಗಾಡಿಯನ್ನು ಓಡಿಸುವಾಗ ತಿರುವಿನಲ್ಲಿ ಕೈ ತೋರಿಸಬೇಕು, ಅದು ನಿನ್ನಿಂದಾಗದು ಎಂದ. ಎರಡೂ ಕೈ ಸ್ಟೇರಿಂಗ್ ಬಿಡಬಾರದು ಎಂದು ಕಲಿಸಿದವರು ಹೇಳಿದ್ದಾರೆ, ಕೈ ನೀವೇ ತೋರಿಸಿ ಎಂದು ರತ್ನವ್ವ ಅವನನ್ನು ಹಿಂದಿನ ಸೀಟಿಗೆ ಕಳಿಸಿದಳು. ಬಲಕ್ಕ ಎಂದಳೆಂದರೆ ಅವನು ಬಲ ಕಿಟಕಿಗೆ ಜಾರಿ ಕೈ ಚಾಚಬೇಕು. ಎಡಕ್ಕ ಎಂದಳೆಂದರೆ ಸಕ್ಕರೆ ತಟ್ಟೆ ಎತ್ತಿಕೊಂಡು ಎಡಕ್ಕೆ ಜಾರಬೇಕು. ಲಕ್ಷ್ಮೇಶ್ವರದ ಪೇಟೆಯೊಳಗೆ ಆ ಜಾರಾಟ ಎಷ್ಟು ಸಲ ನಡೆಯಿತೆಂದರೆ ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರು ಮೆಚ್ಚಿ ತಲೆದೂಗಿದ. ರತ್ನವ್ವ ಒಂದು ಕಡೆಯೂ ಗಾಡಿ ತಾಗಿಸಲಿಲ್ಲ. ಅದೇ ಗೋಪಣ್ಣನನ್ನು ಹೆಚ್ಚು ನೋಯಿಸಿತು.

ಬಾಗಿಲಲ್ಲಿ ನಿಂತಿದ್ದ ಲಕ್ಷ್ಮೀದೇವಿ, ತನ್ನ ಅಕ್ಕನೇ ಗಾಡಿ ಓಡಿಸಿಕೊಂಡು ಬಂದದ್ದನ್ನು ಬಾಯಿ ತೆರೆದು ನೋಡಿದಳು. ಆಮೇಲೆ ಹಿಂದಿನ ಸೀಟಿಗೆ ಬಗ್ಗಿ, "ಮಾಮಾರ, ಹೊಸಾ ಬಲ್ಬ್ ಹಾಕೀರಂತಲ್ಲರಿ. ಕರೆಂಟ್ ಎಷ್ಟು ಉಳೀತ್ರಿ?" ಎಂದು ಅಕ್ಕರೆಯಿಂದಲೇ ಕೇಳಿದಳು.

ಗೋಪಣ್ಣ ಬಾಯಿ ತೆರೆಯುವ ಮೊದಲೇ ರತ್ನವ್ವ ಚಾವಿಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತ ಹೇಳಿದಳು. "ಪೂರಾ ಉಳೀತು ನೋಡವಾ. ಮುಳಗುಂದದಿಂದ ಈಚೆ ಇಂಡಿಕೇಟರ್ ಒಂದ ಚೂರೂ ಕರೆಂಟ್ ತಿಂದಿಲ್ಲ."

ಅದು ಸುಳ್ಳೆಂದು ಹೇಳುವಂತಿರಲಿಲ್ಲ. ಗಾಡಿ ನಿಂತಾಗಿತ್ತು, ಎಲ್ಲರೂ ಒಳಗೆ ಹೋಗುತ್ತಿದ್ದರು. ಗೋಪಣ್ಣನ ಕೈ ಮಾತ್ರ ಎಡ ಕಿಟಕಿಯಿಂದ ಇನ್ನೂ ಹೊರಗೇ ಇತ್ತು. ಸಾಕು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.