ನಿಯಮದ ಪ್ರಕಾರ ನಲವತ್ತು ಫೋಟೋ

ನಾನು ಆಗ ವೆಲ್ಲಿಂಗ್ಟನ್ನಿನ ಸರ್ಕಾರಿ ಕಚೇರಿಯೊಂದರಲ್ಲಿ ವೆಬ್‌ಸೈಟ್ ನಿಯಮಗಳನ್ನು ಕಾಯುವ ಕೆಲಸದಲ್ಲಿದ್ದೆ. ತಲೆಬರಹವೆಂದರೆ ಪುಟದ ಹಿಂದಿನ ಕಂಪ್ಯೂಟರ್ ಕೋಡಿನಲ್ಲೂ ತಲೆಬರಹವೇ ಆಗಿರಬೇಕು, ಬರೀ ದಪ್ಪಕ್ಷರದ ವೇಷ ಹಾಕಿರಬಾರದು. ಪ್ರತಿ ಚಿತ್ರದ ಹಿಂದೆ, ಕಣ್ಣು ಕಾಣದವರಿಗಾಗಿ, ಒಂದು ವಿವರಣೆ ಕಡ್ಡಾಯ. ಇಷ್ಟೆಲ್ಲ ತಿಳಿದವನಿಗೆ, ಬಿಡುವಿನಲ್ಲಿ ನಾನೇ ನೋಡಿಕೊಳ್ಳುತ್ತಿದ್ದ ನಮ್ಮ ಕನ್ನಡ ಕೂಟದ ವೆಬ್‌ಸೈಟ್ ಯಾವ ಲೆಕ್ಕ!

ನಮ್ಮ ಕೂಟದವರೇ ಆದ, ಪಕ್ಕದ ಲೋವರ್ ಹಟ್‌ನ ಸಾವಿತ್ರಿ ಆಂಟಿ ನಿವೃತ್ತ ನರ್ಸ್. ದೃಷ್ಟಿ ಪೂರ್ತಿ ಹೋಗಿತ್ತು. ಅವರ ಕಂಪ್ಯೂಟರ್ ಪುಟವನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿತ್ತು.

"ಯುಗಾದಿ ಫೋಟೋ ನೋಡಿ ಎಲ್ರೂ ನಗ್ತಾರೆ ಕಣಪ್ಪ. ನನ್ ಕಂಪ್ಯೂಟರ್ ಮಾತ್ರ 'ಇಮೇಜ್, ಇಮೇಜ್' ಅಂತ ಬಡ್ಕೊಳ್ಳತ್ತೆ. ಊಟಕ್ಕೆ ಕರ್ದು ಬರೀ ಎಲೆ ಹಾಕಿದ ಹಾಗೆ. ಇದ್ದದ್ದು ಇದ್ದ ಹಾಗೇ ಬರಿ, ಮುಚ್ಚುಮರೆ ಬೇಡ," ಎಂದರು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಬರೆದೆ! ನಲವತ್ತು ಫೋಟೋಗಳಿಗೂ, ಆಂಟಿಯ ಕಂಪ್ಯೂಟರಿಗೆ ಓದಲು ಬರುವ ಇಂಗ್ಲಿಷಿನಲ್ಲೇ ಬರೆದೆ. 'ಅಧ್ಯಕ್ಷರ ಭಾಷಣ. ಮುಂದಿನ ಸಾಲಿನಲ್ಲಿ ಮೂವರು ನಿದ್ದೆಯಲ್ಲಿ.' 'ಉಪಾಧ್ಯಕ್ಷರು. ತಲೆಗೆ ಹೊಸದಾಗಿ ಬಣ್ಣ, ಕಿವಿಗೂ ಸ್ವಲ್ಪ ಹತ್ತಿದೆ.' 'ಗೀತಾ ಮಾಡಿದ ಬಿಸಿಬೇಳೆಬಾತ್. ಪಾತ್ರೆ ಇನ್ನೂ ತುಂಬಿಯೇ ಇದೆ.'

ಆಂಟಿ ಫೋನ್ ಮಾಡಿ ನಕ್ಕಿದ್ದೇ ನಕ್ಕಿದ್ದು.

"ಬೇರೆಯವ್ರು ನೋಡಿದ್ರೆ?" ಎಂದಳು ನನ್ನ ಹೆಂಡತಿ ಮಾಲಿನಿ.

"ಕಣ್ಣಿದ್ದೋರಿಗೆ ಇದು ಕಾಣೋದೇ ಇಲ್ಲ ಕಣೇ!" ಎಂದೆ, ಇಲಾಖೆಯ ಗಾಂಭೀರ್ಯದಿಂದ.

ಕಂಡಿತು. ನನ್ನ ಬ್ರೌಸರಿನಲ್ಲಿ ಕಾಣುತ್ತಿರಲಿಲ್ಲ, ಸರಿ. ಊರಿಗೆಲ್ಲ ಇದ್ದ ಬ್ರೌಸರಿನಲ್ಲಿ ಮೌಸನ್ನು ಚಿತ್ರದ ಮೇಲೆ ನಿಲ್ಲಿಸಿದರೆ ಸಾಕು, ವಿವರಣೆ ಹಳದಿ ಚೀಟಿಯಾಗಿ ಮೇಲೆದ್ದು ಬರುತ್ತಿತ್ತು!

ಭಾನುವಾರ ಜಾನ್ಸನ್‌ವಿಲ್‌ನಲ್ಲಿ ತುರ್ತು ಸಭೆ. ಉಪಾಧ್ಯಕ್ಷರು ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿಕೊಂಡು ಬಂದಿದ್ದರು.

"ನಾನು ಮಾತಾಡೋವಾಗ ಮಲಗಿದ್ದ ಆ ಮೂರು ಜನ ಯಾರ್ರೀ?" ಅಧ್ಯಕ್ಷರು ಗುಡುಗಿದರು.

"ನನ್ ಬಿಸಿಬೇಳೆಬಾತ್‌ಗೂ ಸರ್ಕಾರಿ ನಿಯಮ ಇದ್ಯಾ?" ಗೀತಾ ಕೇಳಿದಳು. ಮಾಲಿನಿ ಮೆಲ್ಲಗೆ ಎದ್ದು, ನನ್ನಿಂದ ನಾಲ್ಕು ಕುರ್ಚಿ ಆಚೆ ಹೋಗಿ ಕೂತಳು.

ಎಲ್ಲ ವಿವರಣೆಗಳನ್ನೂ ಅಳಿಸಬೇಕೆಂದು ತೀರ್ಮಾನವಾಗುವುದರಲ್ಲಿತ್ತು. ಆಗ ಸಾವಿತ್ರಿ ಆಂಟಿ ಕೋಲೂರಿ ಎದ್ದು ನಿಂತರು.

"ನೀವೆಲ್ಲ ಒಬ್ರನ್ನೊಬ್ರು ನೋಡಿ ಆಡ್ಕೊಳ್ತೀರಿ. ನಂಗೂ ಆಡ್ಕೊಳ್ಳೋ ಆಸೆ ಇರಲ್ವಾ? ಇಷ್ಟು ವರ್ಷಕ್ಕೆ ಮೊದಲ್ನೇ ಸಲ ನಿಮ್ಮನ್ನೆಲ್ಲ ನೋಡಿದೀನಿ. ಒಂದಕ್ಷರ ತೆಗೀಬೇಡಿ."

ಸಭೆ ತಣ್ಣಗಾಯಿತು. ಅಧ್ಯಕ್ಷರು, "ಇರ್ಲಿ ಬಿಡಿ," ಎಂದರು. ಉಪಾಧ್ಯಕ್ಷರು ಟೋಪಿಯನ್ನೇ ತೆಗೆದರು. ನನ್ನ ಕಣ್ಣು ಒದ್ದೆಯಾಯಿತು, ಎದೆಯೂ ತಾನಾಗಿ ಉಬ್ಬಿತು.

"ಆದ್ರೆ ಅದ್ರಲ್ಲಿ ಒಂದು ಸುಳ್ಳಿದೆ," ಆಂಟಿ ನನ್ನ ಕಡೆ ತಿರುಗಿದರು. "ನಿನ್ ಫೋಟೋಗೆ 'ತೆಳ್ಳಗಿನ, ಚುರುಕಾದ ಯುವಕ' ಅಂತ ಬರ್ದಿದ್ದೀಯ. ನಮ್ಮನೆ ಏಳು ಮೆಟ್ಲು ಹತ್ತೋಷ್ಟ್ರಲ್ಲಿ ನೀನು ಬಿಡೋ ಏದುಸಿರು ನಂಗೆ ಅಡುಗೆಮನೆಗೆ ಕೇಳ್ಸತ್ತಪ್ಪ!"

ಎಲ್ಲರಿಗಿಂತ ಜೋರಾಗಿ ನಕ್ಕವಳು ಮಾಲಿನಿ.

ಮನೆಗೆ ಬಂದವನೇ ಆ ಸಾಲನ್ನು ತಿದ್ದಿದೆ. ಅಂದಿನಿಂದ ನಮ್ಮ ವೆಬ್‌ಸೈಟ್ ಸಂಪೂರ್ಣವಾಗಿ ನಿಯಮಬದ್ಧವಾಗಿದೆ.